ಮೀನಿಗಾಗಿ ಉಸಿರು ಹಿಡಿಯುವ ಆರ್ಡಿಸ್

ಬೆಳಗಿನ ಆರೂವರೆ. ಟ್ಯಾಮರಾಕ್ ಸರೋವರದ ಮೇಲೆ ಮಂಜು ಇನ್ನೂ ಕರಗಿಲ್ಲ. ಅಕ್ಟೋಬರ್ ಚಳಿಗೆ ದೋಣಿಯ ಹಗ್ಗ ಕೋಲಿನಂತೆ ಸೆಟೆದಿದೆ. ಆರ್ಡಿಸ್ ಕಿವೆಲಾ ಕೈಗವಸು ತೆಗೆದು, ಅಳತೆಯ ಹಲಗೆಯನ್ನು ನೀರಲ್ಲಿ ಅದ್ದುತ್ತಾರೆ. ಒಣ ಹಲಗೆ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಪಕ್ಕದಲ್ಲಿ ತಂತಿ ಕತ್ತರಿಸುವ ಇಕ್ಕಳ, ಇಬ್ಬರು ಮಕ್ಕಳು ಕೂರುವಷ್ಟು ದೊಡ್ಡ ಬಲೆ, ಫ್ಲಾಸ್ಕಿನಲ್ಲಿ ಕಾಫಿ. ಗಾಳ ಮಾತ್ರ ಇಲ್ಲ. ಹನ್ನೆರಡು ವರ್ಷದಿಂದ ಈ ದೋಣಿಯಲ್ಲಿದ್ದರೂ ಅವರು ಒಂದು ದಿನವೂ ಗಾಳ ಎಸೆದಿಲ್ಲ.

"ಎಸೆಯೋರು ಊರ್ ತುಂಬಾ ಇದಾರೆ. ಹಿಡಿದ ಮೀನನ್ನ ಬಿಡೋಕೆ ಗೊತ್ತಿರೋರು ಬೇಕಲ್ಲ?"

ಮಸ್ಕಿ ಎಂಬ ಆಳುದ್ದದ ಬೇಟೆಮೀನಿನ ಬೆನ್ನು ಹತ್ತಿದವರ ಆಸೆಯೇ ವಿಚಿತ್ರ. ದಾಖಲೆ ಉದ್ದದ್ದನ್ನು ಹಿಡಿಯಬೇಕು, ಹಿಡಿದು ಬಿಟ್ಟುಬಿಡಬೇಕು. ಇಲ್ಲಿನ ದಾಖಲೆ ಐವತ್ತಾರೂವರೆ ಇಂಚು. ಹತ್ತೊಂಬತ್ತು ವರ್ಷದಿಂದ ಗಾಳದಂಗಡಿಯ ಗೋಡೆಯ ಮೇಲಿದೆ. ಅದನ್ನು ಮುರಿಯಲು ಒಂದು ಫೋಟೋ ಬೇಕು: ಮೂತಿ ಹಲಗೆಯ ತುದಿಗೆ ತಾಗಿರಬೇಕು, ಬಾಲದ ತುದಿ ಅಂಕಿಯ ಮೇಲೆ ಕಾಣಬೇಕು. ಮೀನು ಜೀವಂತ ಈಜಿ ಹೋಗಬೇಕು. ಈ ಕೊನೆಯ ಕೆಲಸ ಆರ್ಡಿಸ್‌ದು.

ಶಾಲೆಯ ಅಡುಗೆಮನೆಯಿಂದ ಆರ್ಡಿಸ್ ನಿವೃತ್ತರಾದ ವರ್ಷ, ಗಿರಾಕಿಗಳನ್ನು ಈ ದೋಣಿಯಲ್ಲಿ ಮೀನಿಗೆ ಕರೆದೊಯ್ಯುವ ಅವರ ತಮ್ಮ ರೇಮಂಡನ ಭುಜ ಮುರಿದಿತ್ತು. ಬಲೆ ಹಿಡಿಯಲು ಬಂದವರು ಇಲ್ಲೇ ಉಳಿದರು. ಈ ವರ್ಷ ಇದುವರೆಗೆ ಎಂಬತ್ತೇಳು ದಿನ ನೀರಿನ ಮೇಲೆ, ಮೂವತ್ತೊಂದು ಮೀನು, ಮೀನು ಬಿಡಿಸಲು ಕತ್ತರಿಸಿದ ಕೊಕ್ಕೆ ಅರವತ್ತನಾಲ್ಕು. ಸತ್ತದ್ದು ಒಂದೂ ಇಲ್ಲ. ಹನ್ನೆರಡು ವರ್ಷದಲ್ಲಿ ಸತ್ತದ್ದು ಮೂರು. ಆ ಮೂರರ ತಾರೀಖೂ ಅವರಿಗೆ ಬಾಯಿಪಾಠ.

ಅವರದು ಒಂದೇ ಕಟ್ಟಳೆ. ಮೀನು ನೀರಿನಿಂದ ಮೇಲೆ ಬಂದ ಕ್ಷಣ ಆರ್ಡಿಸ್ ಉಸಿರು ಹಿಡಿಯುತ್ತಾರೆ. ಉಸಿರು ಮುಗಿದರೆ ಮೀನು ನೀರಿಗೆ. ಮೊದಲು ಮೂವತ್ತೆಂಟು ಸೆಕೆಂಡ್ ಹಿಡಿಯುತ್ತಿದ್ದರು. ಎರಡು ಚಳಿಗಾಲದ ಹಿಂದೆ ನ್ಯುಮೋನಿಯಾ ಬಂದ ಮೇಲೆ ಇಪ್ಪತ್ತೊಂದು.

"ಗಡಿಯಾರ ಇಟ್ಕೊಳ್ಳೇ ಅಂದೆ, ಕೇಳ್ಬೇಕಲ್ಲ" ಎಂದು ರೇಮಂಡ್ ಗೊಣಗುತ್ತಾನೆ.

"ಗಡಿಯಾರಕ್ಕೆ ಎದೆ ಉರಿಯಲ್ಲ ಕಣೋ. ಅದನ್ನ ನೋಡ್ಕೊಂಡು ಇನ್ನೈದೇ ಸೆಕೆಂಡ್ ಅಂತೀರ."

ಆ ಐದು ಸೆಕೆಂಡ್ ಕೊಡದಿದ್ದದ್ದೇ ಕಳೆದ ಅಕ್ಟೋಬರಿನಲ್ಲಿ ದುಬಾರಿಯಾಯಿತು. ಮಿಲ್ವಾಕಿ ನಗರದ ನಲ್ಲಿ ರಿಪೇರಿಗಾರ ಲೈಲ್ ವೆಂಡಾರ್ಫ್ ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗಾಳ ಎಸೆಯುತ್ತಿದ್ದಾನೆ. ಅಂದು ಹಲಗೆಯ ಮೇಲೆ ಮಲಗಿದ್ದು ಬಾಲ ಸೀಳಿದ್ದ ಒಂದು ಮೀನು, ಐವತ್ತೇಳೂಕಾಲು ಇಂಚು. ಮೂವರೂ ನೋಡಿದ್ದಾರೆ. ಫೋಟೋದಲ್ಲಿ ಮಾತ್ರ ಬಾಲದ ತುದಿಯ ಮೇಲೆ ಹಲಗೆ ಹಿಡಿದಿದ್ದ ರೇಮಂಡನ ಹೆಬ್ಬೆರಳು. "ಇನ್ನೊಂದು ತೆಗೀತೀನಿ!" ಎಂದು ಲೈಲ್ ಕೂಗುವಷ್ಟರಲ್ಲಿ ಆರ್ಡಿಸ್ ಹಿಡಿದಿದ್ದ ಉಸಿರು ಮುಗಿದಿತ್ತು. ಅವರು ಹಲಗೆಯನ್ನು ನೀರಿಗೆ ವಾಲಿಸಿದರು. ಮೀನು ಹೋಯಿತು. ದಾಖಲೆಯೂ ಹೋಯಿತು.

"ಹೆಬ್ಬೆರಳು ನಂದು, ಬೈಗುಳ ಇವಳಿಗೆ" ಎನ್ನುತ್ತಾನೆ ರೇಮಂಡ್. ಈ ವರ್ಷ ಇಬ್ಬರು ಹಳೆಯ ಗಿರಾಕಿಗಳು, ಬಲೆಗೆ ಬೇರೆಯವರಿದ್ದರೆ ಮಾತ್ರ ಬರುತ್ತೇವೆ ಎಂದರು. ಗಾಳದಂಗಡಿಯಲ್ಲಿ ಯಾರೋ ಒಂದು ಪ್ಯಾಕೆಟ್ ಬಲೂನಿಟ್ಟು "ಆರ್ಡಿಸ್, ಪ್ರಾಕ್ಟೀಸ್ ಮಾಡ್ಕೋ" ಎಂದು ಚೀಟಿ ಅಂಟಿಸಿದ್ದರು. ಆರ್ಡಿಸ್ ಅದನ್ನು ಮನೆಗೆ ಒಯ್ದು ಮೊಮ್ಮಗಳ ಹುಟ್ಟುಹಬ್ಬಕ್ಕೆ ಕಟ್ಟಿದರು. ಆದರೂ ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು ಉಸಿರು ಎಷ್ಟು ಸೆಕೆಂಡ್ ನಿಲ್ಲುತ್ತದೆಂದು ಎಣಿಸುತ್ತಾರೆ. "ಹದಿನೈದಕ್ಕಿಳಿದ್ರೆ ನಾನೇ ದೋಣಿಯಿಂದ ಇಳೀತೀನಿ. ಯಾರೂ ಹೇಳ್ಬೇಕಾಗಿಲ್ಲ."

ಲೈಲ್ ಒಂದು ವರ್ಷ ಅವರ ಜೊತೆ ಮಾತಾಡಿರಲಿಲ್ಲ. ಇವತ್ತು ಮತ್ತೆ ಇದೇ ದೋಣಿಯಲ್ಲಿ ಕೂತಿದ್ದಾನೆ, ಇನ್ನೂ ಮಾತಿಲ್ಲ.

ಎಂಟು ಗಂಟೆಗೆ ಅವನ ದಾರ ಬಿಗಿಯುತ್ತದೆ. "ಬಲೆ!" ಎಂದು ರೇಮಂಡ್ ಕೂಗುತ್ತಾನೆ. ಆರ್ಡಿಸ್ ಒಂದೇ ಬೀಸಿಗೆ ಮೀನನ್ನು ಬಲೆಯೊಳಗೆ ತರುತ್ತಾರೆ, ನೀರಲ್ಲೇ ಇಟ್ಟು ಎರಡು ಕೊಕ್ಕೆ ಕತ್ತರಿಸುತ್ತಾರೆ. ಹಲಗೆ ಮೇಲೇಳುತ್ತದೆ. ನಲವತ್ತೊಂಬತ್ತು ಇಂಚು. ದಾಖಲೆಯಲ್ಲ, ಆದರೂ ಒಳ್ಳೆಯ ಮೀನು. ಲೈಲ್ ಅದನ್ನು ಎರಡು ಕೈಯಲ್ಲಿ ಎತ್ತುತ್ತಾನೆ, ರೇಮಂಡ್ ಕ್ಯಾಮೆರಾ ಹಿಡಿಯುತ್ತಾನೆ. ಆರ್ಡಿಸ್ ಮುಖ ಕೆಂಪೇರುತ್ತದೆ. ಲೈಲ್‌ನ ಕೆನ್ನೆಗಳೂ ಉಬ್ಬಿವೆ. ಅವನೂ ಉಸಿರು ಹಿಡಿದಿದ್ದಾನೆ.

ಅವನೇ ಮೊದಲು ಸೋತು ಮೀನನ್ನು ನೀರಿಗಿಳಿಸುತ್ತಾನೆ. ಆರ್ಡಿಸ್ ಬಾಲ ಹಿಡಿದು ಕಾಯುತ್ತಾರೆ. ಬಾಲ ಒಮ್ಮೆ ಕೊಡವಿ ಮೀನು ಮಾಯ. ಇಬ್ಬರ ಬಾಯಿಂದಲೂ ಬಿಳಿ ಹಬೆ ಹೊರಬರುತ್ತದೆ.

"ನಿನಗಿಂತ ಮೊದ್ಲೇ ನಂದು ಮುಗೀತಲ್ಲೇ ಮುದುಕಿ" ಎನ್ನುತ್ತಾನೆ ಲೈಲ್. ವರ್ಷದಲ್ಲಿ ಮೊದಲ ಮಾತು.

"ಸಿಗರೇಟ್ ಬಿಡು ಅಂತ ಎಷ್ಟ್ ಸಲ ಹೇಳ್ಲಿ ನಿಂಗೆ?"

ಆರ್ಡಿಸ್ ಹಲಗೆಯನ್ನು ಮತ್ತೆ ನೀರಲ್ಲಿ ಅದ್ದುತ್ತಾರೆ. ಆಸೆ ಏನೆಂದು ಕೇಳಿದರೆ ಹೆಚ್ಚು ಯೋಚಿಸುವುದಿಲ್ಲ.

"ಹೋದ ವರ್ಷದ ಆ ದೊಡ್ಡದು ಬದುಕಿದೆ ಕಣ್ರೀ. ಜೂನಲ್ಲಿ ರೇಮಂಡನ ಗಾಳದ ಹಿಂದೇನೇ ಬಂದು ತಿರುಗಿ ಹೋಯ್ತು. ಬಾಲದ ಸೀಳು ನೋಡಿ ಅದೇ ಅಂತ ಗೊತ್ತಾಯ್ತು. ಇನ್ನೊಂದ್ ಸಲ ಈ ಹಲಗೆ ಮೇಲೆ ಬರ್ಲಿ. ನೀರಿಗೆ ಬಿಟ್ಟ ಮೇಲೆ ಅಂಕಿ ಹೇಳೋಷ್ಟು ಉಸಿರು ನನ್ನಲ್ಲಿ ಉಳಿದ್ರೆ ಸಾಕು."