ನೂಲು ಕಟ್ಟಿದ ಗಿಡ

ನನ್ನ ಅಂಗಿಯ ಜೇಬಿಗೆ ಕೈಹಾಕಿದರೆ ಈಗಲೂ ಗೇಣುದ್ದದ ಒಂದು ಕೆಂಪು ನೂಲು ಸಿಗುತ್ತದೆ. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಜೇಬಿಗೆ ಅದರ ಚಟ ಬಿಟ್ಟಿಲ್ಲ. ತಿರುಪ್ಪೂರಿನ ಕಾರ್ಖಾನೆಯೊಂದರ ಚೆಕಿಂಗ್ ವಿಭಾಗದಲ್ಲಿ, ದೀಪದ ಮೇಜಿನ ಮೇಲೆ ಸರಿದುಹೋಗುವ ಬಟ್ಟೆಯನ್ನು ದಿಟ್ಟಿಸುತ್ತ ನಿಲ್ಲುವುದೇ ನನ್ನ ಉದ್ಯೋಗವಾಗಿತ್ತು. ಎಲ್ಲಿ ಎಳೆ ತಪ್ಪಿದೆಯೋ, ಎಲ್ಲಿ ಎಣ್ಣೆಯ ಕಲೆ ಕೂತಿದೆಯೋ ಅಲ್ಲಿ ಅಂಚಿಗೊಂದು ಕೆಂಪು ನೂಲು ಕಟ್ಟಬೇಕು, ಕತ್ತರಿ ಹಿಡಿದವನು ಆ ಗುರುತು ನೋಡಿ ಅಷ್ಟು ಭಾಗವನ್ನು ತೆಗೆದುಹಾಕುತ್ತಾನೆ. ನಿಜ ಹೇಳುತ್ತೇನೆ ಗೆಳೆಯರೇ, ಚೆನ್ನಾಗಿದ್ದ ಬಟ್ಟೆ ಎಷ್ಟು ನನ್ನ ಕಣ್ಣ ಮುಂದೆ ಹಾದುಹೋಯಿತೋ ನೆನಪಿಲ್ಲ, ನೂಲು ಕಟ್ಟಿದ್ದು ಮಾತ್ರ ನೆನಪಿದೆ.

ತುಡಿಯಲೂರಿನಲ್ಲಿರುವ ನನ್ನ ಅಕ್ಕನ ಹಿತ್ತಿಲಲ್ಲಿ ಬೇಸಿಗೆ ಬಂತೆಂದರೆ ಗೈಲಾರ್ಡಿಯಾದ ದರ್ಬಾರು. ಸೇವಂತಿಗೆಯ ದಾಯಾದಿಯಾದ ಈ ಹೂವನ್ನು ನೀವು ಹಾರಗಳಲ್ಲಿ ಕಂಡಿರುತ್ತೀರಿ, ಹೆಸರು ಕೇಳಿರಲಿಕ್ಕಿಲ್ಲ. ಮಲ್ಲಿಗೆಗಿರುವ ಗತ್ತು ಇದಕ್ಕಿಲ್ಲ. ಆದರೆ ಉಳಿದ ಗಿಡಗಳೆಲ್ಲ ಬಿಸಿಲಿಗೆ ಬಾಡಿ ಕೂತಾಗ ಇದೊಂದೇ ನಗುತ್ತಿರುತ್ತದೆ. ಅಕ್ಕನಲ್ಲಿ ಇಟ್ಟಿಗೆಗೆಂಪಿನ ಎಸಳಿಗೆ ಹಳದಿ ತುದಿಯದಿತ್ತು, ಅಪ್ಪಟ ಹಳದಿಯದಿತ್ತು, ಎಸಳೆಲ್ಲ ಪುಟ್ಟ ಕಹಳೆಗಳಂತೆ ಸುರುಳಿಗೊಂಡದ್ದೂ ಇತ್ತು. ಒಂದೇ ಪಾತಿಯಲ್ಲಿ ಬೆಳೆದ ಇವು ದುಂಬಿಗಳ ದಯೆಯಿಂದ ಬೆರೆಯುವುದರಿಂದ, ಬಿದ್ದ ಬೀಜದಿಂದ ಎದ್ದ ಸಸಿ ತಾಯಿಯನ್ನೇ ಹೋಲುತ್ತದೆಂಬ ಭರವಸೆಯಿಲ್ಲ. ಮೆಚ್ಚಿದ್ದು ಉಳಿಯಬೇಕಾದರೆ ಬುಡವನ್ನೇ ಸೀಳಿ ನೆಡಬೇಕು. ಹಾಗೆ ತಾನಾಗಿ ಹುಟ್ಟಿದ ಸಸಿಯೊಂದು ಮಾಗಿದ ಪಪ್ಪಾಯಿಯ ಒಳಬಣ್ಣದ ಹೂ ಬಿಟ್ಟಿತು. ಅಕ್ಕ ಅದನ್ನು ಸೀಳಿ ಮೂರು ಮಾಡಿಕೊಂಡಳು. ಅಷ್ಟರಲ್ಲಿ ಅವಳ ಕಣ್ಣಿಗೆ ಪೊರೆ ಬಂತು.

ಕಳೆದ ಬೇಸಿಗೆಯ ಮೊದಲಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಒಂದು ತಿಂಗಳು ಕಾಂಗೇಯದ ಮಗಳ ಮನೆಯಲ್ಲಿರಲು ಹೊರಟವಳು ಬೀಗದ ಕೈ ನನ್ನ ಕೈಗಿಟ್ಟು, ತಮಿಳು ಬೆರೆತ ನಮ್ಮ ಮನೆಮಾತಿನಲ್ಲಿ, "ಕಳೆ ಕಿತ್ತು ಗಿಡಕ್ಕೆ ತಣ್ಣಿ ಬಿಡ್ಡಾ ತಮ್ಮಾ. ತಿರುಗಿ ಬಂದು ಹೊಸಾ ಕಣ್ಣಲ್ಲಿ ಮೊದಲು ಆ ಪಪ್ಪಾಳಿ ಹೂವೇ ನೋಡ್ಬೇಕು" ಎಂದಳು. ನಾನು ಹೂಂಗುಟ್ಟಿದೆ. ಹೂಂಗುಟ್ಟುವುದಕ್ಕೆ ಕಿವಿ ಪೂರ್ತಿ ಬೇಕಾಗಿಲ್ಲವಲ್ಲ.

ಹಿತ್ತಿಲಿಗೆ ಹೋದಾಗ ಗಿಡಗಳೆಲ್ಲ ಇನ್ನೂ ಮೊಗ್ಗಿನಲ್ಲಿದ್ದವು, ಯಾವುದರ ಬಣ್ಣ ಯಾವುದೆಂದು ತಿಳಿಯುವಂತಿರಲಿಲ್ಲ. ಮೂರು ಗಿಡಗಳ ಕಾಂಡಕ್ಕೆ ಮಾತ್ರ ಕೆಂಪು ನೂಲು ಕಟ್ಟಿತ್ತು. ಪಾಪ, ಬಗ್ಗಲಾರದ ಅಕ್ಕ ತೆಗೆಯಬೇಕಾದ್ದನ್ನು ಗುರುತು ಮಾಡಿಟ್ಟು ಹೋಗಿದ್ದಾಳೆ ಎಂದುಕೊಂಡೆ. ಮೂರನ್ನೂ ಬೇರುಸಮೇತ ಕಿತ್ತು ಕಸದ ಗಾಡಿಗೆ ಹಾಕಿ, ಕೈ ತೊಳೆದುಕೊಂಡೆ.

ಕಪ್ಪು ಕನ್ನಡಕ ಹಾಕಿಕೊಂಡು ಮರಳಿದ ಅಕ್ಕ ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಿಲಿಗೆ ನಡೆದಳು. ಪಾತಿ ತುಂಬ ಹೂ ಅರಳಿತ್ತು.

"ನೂಲು ಕಟ್ಟಿದ ಚೆಡಿ ಎಲ್ಲಿಡಾ?"

"ಕಿತ್ತೆನಲ್ಲ ಅಕ್ಕಾ."

"ನೂಲು ಕಟ್ಟಿತ್ತಲ್ಲಾ, ಕಾಣಲಿಲ್ವಾ?"

"ಕಟ್ಟಿತ್ತು ಅಂತ ತಾನೇ ಕಿತ್ತೆ!"

ಅಕ್ಕನ ಗಂಡನ ಮನೆಯವರು ಬೇಸಾಯಗಾರರು. ಬಳ್ಳಿಯಲ್ಲಿ ಎಲ್ಲಕ್ಕಿಂತ ಚೆನ್ನಾದ ಕಾಯಿಗೆ ನೂಲು ಕಟ್ಟಿದರೆ ಅದನ್ನು ಯಾರೂ ಮುಟ್ಟುವಂತಿಲ್ಲ, ಅದು ಬೀಜಕ್ಕೆ ಮೀಸಲು. ಒಂದೇ ಮಗ್ಗದ ಮನೆಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ಅವಳ ಕೈ ಉಳಿಸಿಕೊಳ್ಳಲು ನೂಲು ಕಟ್ಟಲು ಕಲಿತಿತ್ತು, ನನ್ನದು ಕತ್ತರಿಸಿ ಹಾಕಲು. ಅವಳು ಬೈಯಲಿಲ್ಲ. ಕನ್ನಡಕ ತೆಗೆದು, ಆ ಮೂರು ಗಿಡಗಳಿದ್ದ ಜಾಗದ ಬರಿಯ ಮಣ್ಣನ್ನು ನೋಡಿ, "ಹೋಗ್ಲಿ ಬಿಡು" ಎಂದಳು. ಬೈದಿದ್ದರೆ ಅಂದು ರಾತ್ರಿ ನಾಲ್ಕು ತುತ್ತು ಉಣ್ಣುತ್ತಿದ್ದೆನೇನೋ.

ಆಗ ನನ್ನ ಹೆಂಡತಿಯ ನೆನಪಾಯಿತು. ಅವಳು ತೀರಿಕೊಂಡು ಆರು ವರ್ಷ. ದಿನವೂ ಊಟ ಬಡಿಸಿ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಉಪ್ಪು ಹೆಚ್ಚಾದ ದಿನ ಹೇಳುತ್ತಿದ್ದೆ, ಹುಳಿ ಕಡಿಮೆಯಾದ ದಿನ ಹೇಳುತ್ತಿದ್ದೆ, ಸರಿಯಿದ್ದ ದಿನ ಸುಮ್ಮನೆ ಉಂಡು ಎದ್ದುಬಿಡುತ್ತಿದ್ದೆ. ಸರಿಯಿದ್ದ ದಿನಗಳೇ ಹೆಚ್ಚು. "ಇಲ್ಲೂ ಚೆಕಿಂಗಾ?" ಎಂದು ಒಮ್ಮೆ ನಗುತ್ತಲೇ ಕೇಳಿದ್ದಳು. ನಾನೂ ನಕ್ಕಿದ್ದೆ, ಮೂರ್ಖ.

ಈ ಬೇಸಿಗೆಯಲ್ಲಿ ಬಿದ್ದ ಬೀಜಗಳೆಲ್ಲ ಎದ್ದು ಹೂಬಿಟ್ಟಿವೆ. ದಿನವೂ ಬೆಳಿಗ್ಗೆ ಹೋಗಿ ಹುಡುಕಿದೆ, ಪಪ್ಪಾಯಿ ಬಣ್ಣದ್ದು ಬರಲಿಲ್ಲ. ಇನ್ನು ಬರುವುದೂ ಇಲ್ಲವೇನೋ. ಮೊನ್ನೆ ಅಕ್ಕ, "ಯಾವ್ದು ನಲ್ಲಾ ಇದೆಯೋ ನೋಡಿ ನೀನೇ ಕಟ್ಟು" ಎಂದಳು. ನಲ್ಲಾ ಎಂದರೆ ಚೆನ್ನಾಗಿ. ಜೇಬಿನ ನೂಲು ತೆಗೆದು ಪಾತಿಯ ಮುಂದೆ ಕೂತೆ. ಹಳೆಯ ಕಣ್ಣು ತನ್ನ ಕೆಲಸ ಶುರುಮಾಡಿತು: ಇದರ ಎಸಳು ಮುರುಟಿದೆ, ಅದರ ತೊಟ್ಟು ಸೊಟ್ಟ. ಬಿಸಿಲೇರುವವರೆಗೂ ನೋಡಿದೆ. ನೋಡುತ್ತ ನೋಡುತ್ತ ಮುರುಟಿದ್ದೂ ಸೊಟ್ಟಗಿದ್ದುದೂ ಹೂವಾಗಿಯೇ ಕಾಣತೊಡಗಿದವು.

"ಇನ್ನೂ ಕಟ್ಟಲಿಲ್ವಾ?" ಎಂದು ಅಕ್ಕ ಒಳಗಿನಿಂದ ಕೂಗಿದಳು.

"ಇಲ್ಲಕ್ಕಾ, ಎಲ್ಲಾನೂ ನಲ್ಲಾ ಇದೆ" ಎಂದೆ.

ನನ್ನ ಬಾಯಿಂದ ಚೆನ್ನಾಗಿದೆ ಎಂಬ ಮಾತು ಬಂದದ್ದು ಅದೇ ಮೊದಲು. ಅದನ್ನು ಕೇಳಲೆಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದವಳು ಕೇಳದೆಯೇ ಹೋದಳು. ನೂಲನ್ನು ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡೆ.