ಓಬಕ್ಕನ ಗೋಡೆ, ಅಂಜನಪ್ಪನ ತಟ್ಟೆ

೧೯೯೭ರ ಮಳೆಗೆ ಶ್ರೀರಾಂಪುರದ ಓಬಕ್ಕನ ಮನೆಯ ಮುಂಗೋಡೆ ಕುಸಿದು ಬಿತ್ತು. ಮೇಸ್ತ್ರಿ ಅಂಜನಪ್ಪ ಬಂದು ನೋಡಿ, "ಸೋಮವಾರ ಬರ್ತೀನಿ ಕಣಕ್ಕ" ಎಂದು ಹೋದ. ಯಾವ ಸೋಮವಾರ ಎಂದು ಹೇಳಲಿಲ್ಲ. ಗೋಣಿಚೀಲ ಮರೆಕಟ್ಟಿಕೊಂಡು ನಾಲ್ಕು ಸೋಮವಾರ ಕಾದ ಓಬಕ್ಕ, ಐದನೆಯದಕ್ಕೆ ಹೊಸದುರ್ಗಕ್ಕೆ ಬಸ್ಸು ಹತ್ತಿ ಗಾರೆ ಮೆತ್ತುವ ಕರಣೆಯೊಂದನ್ನು ಕೊಂಡು ತಂದು ತಾನೇ ಗೋಡೆಗೆ ಕೈಹಾಕಿದಳು.

ಊರಿನವರ ನಿದ್ದೆ ಕೆಟ್ಟಿತು. ಹದಿನೆಂಟು ವರ್ಷ ಆಕೆ ಇದೇ ಅಂಜನಪ್ಪನ ಕೈಕೆಳಗೆ ದುರ್ಗ, ಹೊಳಲ್ಕೆರೆ ಎಂದು ಅಲೆದು ಗಾರೆಯ ಬಾಂಡ್ಲಿ ಹೊತ್ತಿದ್ದಾಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಹೆಂಗಸಿನ ತಲೆಗೆ ಎಷ್ಟು ಭಾರವಾದರೂ ಒಗ್ಗುತ್ತದೆ, ಕೈಗೆ ಮಾತ್ರ ಅಂಗೈ ಅಗಲದ ಕರಣೆ ಒಗ್ಗುವುದಿಲ್ಲ ನೋಡಿ!

ಓಬಕ್ಕನಿಗೆ ಬೇಕಿದ್ದದ್ದು ಗೋಡೆಯೊಂದೇ ಅಲ್ಲ. ಬಾಗಿಲು ನಿಲ್ಲಿಸುವ ದಿನ ಮನೆಯವರು ಮೇಸ್ತ್ರಿಯ ಹಣೆಗೆ ಕುಂಕುಮವಿಟ್ಟು, ಹೊಸ ಬಟ್ಟೆ, ತೆಂಗಿನಕಾಯಿ, ಎಲೆಅಡಿಕೆ ಇಟ್ಟ ತಟ್ಟೆ ಕೊಡುತ್ತಾರೆ. ಬಾಂಡ್ಲಿ ಹೊತ್ತವರಿಗೆ ಒಂದು ಹಿಡಿ ಮಂಡಕ್ಕಿ. ಹದಿನೆಂಟು ವರ್ಷ ಮಂಡಕ್ಕಿ ತಿಂದವಳಿಗೆ ತನ್ನ ಮನೆಯಲ್ಲಾದರೂ ಆ ತಟ್ಟೆ ತನ್ನ ಕೈಗೆ ಬರಲಿ ಎಂಬ ಆಸೆ.

ಎದುರುಮನೆಯ ಗೊಲ್ಲಪ್ಪ ದಿನವೂ ಬಂದು, "ಹೆಂಗಸ್ರು ಕಟ್ಟಿದ್ದು ನಿಲ್ಲಲ್ಲ ಬಿಡವ್ವ" ಎನ್ನುತ್ತಿದ್ದ. ಗೋಡೆ ಎದೆಯೆತ್ತರಕ್ಕೆ ಬಂದ ಮೇಲೆ ಅದಕ್ಕೇ ಒರಗಿ ನಿಂತು ಅದೇ ಮಾತು ಹೇಳಿದ.

ಬಾಗಿಲು ನಿಲ್ಲಿಸುವ ದಿನ ಬಂತು. ಗಂಡ ಮುನಿಯಪ್ಪ ಹೇಳದೆ ಕೇಳದೆ ಅಂಜನಪ್ಪನನ್ನು ಕರೆತಂದಿದ್ದ.

"ಅವನ್ಯಾಕೆ?" ಎಂದಳು ಓಬಕ್ಕ.

"ಶಾಸ್ತ್ರಕ್ಕೆ ಗಂಡಸ್ರ ಕೈ ಬೇಕಲ್ಲೇ."

ಇಸ್ತ್ರಿ ಅಂಗಿ ತೊಟ್ಟು ಬಂದ ಅಂಜನಪ್ಪ ಚೌಕಟ್ಟಿಗೆ ದಾರದ ಗುಂಡು ಇಳಿಬಿಟ್ಟು ನೋಡಿದ. ಎಳ್ಳಷ್ಟೂ ವಾಲಿರಲಿಲ್ಲ. ಆದರೆ ಬಂದವನು ಸುಮ್ಮನೆ ತಟ್ಟೆ ತಗೊಳ್ಳುವುದು ಹೇಗೆ? "ಒಂಚೂರು ವಾಲೈತೆ" ಎಂದು ಗೋಡೆಗೂ ಚೌಕಟ್ಟಿಗೂ ನಡುವೆ ಒಂದು ಮರದ ಚಕ್ಕೆ ಬಡಿದ. ಮುನಿಯಪ್ಪ ಭಕ್ತಿಯಿಂದ ತಟ್ಟೆ ಕೊಟ್ಟ. ಓಬಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದಳು. ಊರವರ ಜೊತೆ ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟು.

ಆಮೇಲೆ ಬಾಗಿಲು ಹಾಕಿದರೆ ಎರಡು ಬೆರಳು ಸಂದು. "ನಾನ್ ಹೇಳಿರಲಿಲ್ವಾ?" ಎಂದು ಗೊಲ್ಲಪ್ಪ ಸಂತೋಷದಿಂದ ಊಟಕ್ಕೆ ಕುಂತ. ಗಂಡಸರೆಲ್ಲ ಮುದ್ದೆ ಮುರಿಯುವ ಹೊತ್ತಿಗೆ ಓಬಕ್ಕ ಆ ಚಕ್ಕೆ ಕಿತ್ತೆಸೆದು, ಚೌಕಟ್ಟನ್ನು ಮೊದಲಿನಂತೆ ಕೂರಿಸಿ, ಗೋಡೆಯ ಸಂದಿಗೆ ಸಿಮೆಂಟು ಮೆತ್ತಿದಳು. ಊಟ ಮುಗಿಸಿ ಬಂದ ಗೊಲ್ಲಪ್ಪ ಬಾಗಿಲು ಹಾಕಿ ನೋಡಿದ. ಸಲೀಸಾಗಿ ಮುಚ್ಚಿತು.

"ನೋಡ್ರಿ! ಗಂಡಸ್ರ ಕೈಗುಣ ಅಂದ್ರೆ ಇದು!"

ಅಂಜನಪ್ಪ ಮಾತ್ರ ಮೂಲೆಯಲ್ಲಿ ಬಿದ್ದಿದ್ದ ಚಕ್ಕೆಯನ್ನು ನೋಡಿ ತಟ್ಟೆ ಕಂಕುಳಲ್ಲಿಟ್ಟುಕೊಂಡು ಬೇಗ ಹೊರಟ.

ಎರಡು ತಿಂಗಳಿಗೆ ಗೊಲ್ಲಪ್ಪನಿಗೂ ಹೊಸ ಗೋಡೆಯ ಹುಕಿ ಬಂತು. ಓಬಕ್ಕನ ಮನೇದು ಇದ್ದಂಗೇ ಇರಬೇಕಂತೆ. ಕೆಲಸ ಒಪ್ಪಿಸಿದ್ದು ಅಂಜನಪ್ಪನಿಗೆ. ಅವನು ನೆಟ್ಟಗೆ ಓಬಕ್ಕನ ಬಾಗಿಲಿಗೇ ಬಂದ.

"ನೀನಿಲ್ದೆ ಆಗಲ್ಲ ಕಣಕ್ಕ. ಬಾಂಡ್ಲಿ ತಗಂಡು ಬಾ. ಕೊನೆಕೊನೆಗೆ ಕರಣೇನೂ ನೀನೇ ಹಿಡೀವಂತೆ."

"ತಟ್ಟೆ ಯಾರಿಗಣ್ಣ?"

ಅಂಜನಪ್ಪ ಚೌಕಟ್ಟು ಸವರತೊಡಗಿದ.

"ಸೋಮವಾರ ಬರ್ತೀನಿ ಹೋಗಣ್ಣ" ಎಂದು ಓಬಕ್ಕ ಬಾಗಿಲು ಹಾಕಿಕೊಂಡಳು. ಒಂದು ಕೂದಲೆಳೆ ಸಂದೂ ಉಳಿಯಲಿಲ್ಲ.