ನಡುಗಿದ ಗೆರೆ

ನಲವತ್ತು ವರ್ಷ ಡಾಕ್ಟರಿಕೆ ಮಾಡಿದವಳು ನಾನು. ಆದರೂ ನನ್ನ ಗಂಡನ ಕಾಯಿಲೆಯನ್ನು ಮೊದಲು ಕಂಡದ್ದು ಆಸ್ಪತ್ರೆಯಲ್ಲಲ್ಲ, ಅವರೇ ಬರೆದ ಒಂದು ಬೆಟ್ಟದಲ್ಲಿ.

ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಬಡಾವಣೆಯಲ್ಲಿ ಮೂವತ್ತು ವರ್ಷ ರಾಕೆಟ್ಟಿನ ಬಿಡಿಭಾಗಗಳ ನಕ್ಷೆ ಎಳೆದ ಇಂಜಿನಿಯರು ನಮ್ಮವರು. ರಿಟೈರ್ ಆದದ್ದೇ ಸೋಫಾಕ್ಕೆ ಅಂಟಿಕೊಂಡರು. ನಾನು ಬಿಡಲಿಲ್ಲ, ಲೈಬ್ರರಿಯಲ್ಲಿ ನಡೆಯುವ ಚೀನೀ ಮಸಿಚಿತ್ರದ ಕ್ಲಾಸಿಗೆ ಎಳೆದುಕೊಂಡು ಹೋದೆ. ಕಲಿಸುವವರು ಲಿನ್ ಟೀಚರ್, ನಮಗಿಂತ ಹತ್ತು ವರ್ಷ ದೊಡ್ಡವರು. ಮಸಿಕಡ್ಡಿಯನ್ನು ಕಲ್ಲಿನ ಮೇಲೆ ನೀರು ಹಾಕಿ ಗಂಧದಂತೆ ತೇಯಬೇಕು. ಕಾಗದ ಮಸಿಯನ್ನು ತಟ್ಟನೆ ಹೀರುತ್ತದೆ, ಅಳಿಸಿ ತಿದ್ದುವಂತಿಲ್ಲ. ಈ ವಿದ್ಯೆಯನ್ನು ಬೌದ್ಧ ಭಿಕ್ಷುಗಳು ಕಡಲು ದಾಟಿಸಿ ಜಪಾನಿಗೂ ಒಯ್ದರಂತೆ. ಬರೆಯಬೇಕಾದದ್ದು ಬೆಟ್ಟಗಳನ್ನು, ಹ್ಯೂಸ್ಟನ್ನಿನಲ್ಲೋ ಹುಡುಕಿದರೂ ಬೆಟ್ಟವಿಲ್ಲ. ಚಿಂತೆಯಿಲ್ಲ, ಹಳೆಯ ಚಿತ್ರಕಾರರೂ ಬೆಟ್ಟ ಸುತ್ತಿ ಬಂದು ಮನೆಯಲ್ಲಿ ಕೂತು ನೆನಪಿನಿಂದಲೇ ಬರೆಯುತ್ತಿದ್ದರು ಎಂದರು ಟೀಚರ್.

ನನಗೆ ಖಾಲಿ ಜಾಗ ಕಂಡರಾಗದು. ಹಾಳೆಯ ತುಂಬ ದೋಣಿ, ಕೊಕ್ಕರೆ, ಗುಡಿಸಲು ತುಂಬಿದೆ. ನಮ್ಮವರು ಅರ್ಧ ಬೆಟ್ಟ ಬರೆದು ಕುಂಚ ಕೆಳಗಿಟ್ಟರು.

"ಇದೇನ್ರೀ, ಅರ್ಧಕ್ಕೇ ಬಿಟ್ರಿ?"

"ಮಿಕ್ಕಿದ್ದು ಮಂಜು ಕಣೇ. ಬರೀದೇ ಇದ್ರೇನೇ ಅದು ಮಂಜು."

ಒಂದು ಶನಿವಾರ ಅವರ ಬೆಟ್ಟದ ಅಂಚು ಸಣ್ಣಗೆ ಅದುರಿತ್ತು. ಟೀಚರ್ ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಹಿಂದಿನವರು ಬೇಕೆಂದೇ ಕುಂಚ ನಡುಗಿಸಿ ಇಂಥ ಗೆರೆ ತರುತ್ತಿದ್ದರು, ಇವರಿಗೆ ತಾನಾಗಿ ಒಲಿದಿದೆ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಟ್ಟುತ್ತಲೇ ಅವರ ತೊಡೆಯ ಮೇಲಿದ್ದ ಬಲಗೈ ನೋಡಿದೆ. ಹೆಬ್ಬೆರಳೂ ತೋರುಬೆರಳೂ ಮಾತ್ರೆ ಉರುಳಿಸುವಂತೆ ಒಂದಕ್ಕೊಂದು ಉಜ್ಜುತ್ತಿದ್ದವು. ಪಾರ್ಕಿನ್ಸನ್ಸ್.

ಎಷ್ಟೋ ರೋಗಿಗಳಿಗೆ ಮುಖ ನೋಡಿಯೇ ಸತ್ಯ ಹೇಳಿದ್ದ ನಾನು ಎರಡು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಅವರಿಗೆ ಶರ್ಟಿನ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ನಾನೇ ಹಾಕುತ್ತ ಹೇಳಿದೆ: "ರೀ, ಒಂದ್ಸಲ ನ್ಯೂರಾಲಜಿಸ್ಟ್ ಹತ್ರ ಹೋಗಿ ಬರೋಣ."

"ನಂಗೂ ಗೊತ್ತು ಕಣೇ," ಎಂದರು. "ಕ್ಲಾಸಲ್ಲಿ ನೀನು ಅಷ್ಟು ಖುಷಿಯಾಗಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಐದು ವರ್ಷ ಇದ್ದರು. ಕೈ ನಡೆಯುವವರೆಗೂ ಬರೆದರು. ಕುಂಚ ಹಿಡಿಯಲಾಗದಾಗ ನಾನು ಮಸಿ ತೇಯುವುದನ್ನೇ ನೋಡುತ್ತ ಕೂರುತ್ತಿದ್ದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು.

ಅವರ ಚಿತ್ರಗಳನ್ನು ಜೋಡಿಸಿಡಲು ಮಗಳು ಮೇಘಾ ತಾನಿರುವ ಲಿಯಾಂಡರ್ ಊರಿನಿಂದ ಬಂದಿದ್ದಳು. ಒಂದೊಂದೇ ಹಾಳೆ ತಿರುವುತ್ತ, ಗೆರೆಗಳು ವರ್ಷದಿಂದ ವರ್ಷಕ್ಕೆ ಕದಲುತ್ತ ಹೋದದ್ದನ್ನು ಗಮನಿಸಿದಳು.

"ವಾಸ್ ಅಪ್ಪ ಸ್ಕೇರ್ಡ್, ಅಮ್ಮ?"

"ಹೆದರಿದ್ರು. ನಾನೂ ಹೆದರಿದ್ದೆ ಕಣೇ. ಒಂದೇ ಮನೇಲಿ ಇಬ್ಬರೂ ಬೇರೆಬೇರೆಯಾಗಿ ಹೆದರ್ಕೊಂಡು ಕೂತಿದ್ವಿ."

ಹಾಗೆಂದಾಗಲೇ ನನ್ನ ಕೊರಗು ಯಾವುದೆಂದು ನನಗೆ ತಿಳಿದದ್ದು. ಕಾಯಿಲೆಯನ್ನು ಗುಣಪಡಿಸುವ ಔಷಧಿ ಇರಲಿಲ್ಲ, ನಿಜ. ಆದರೆ ಆ ಎರಡು ತಿಂಗಳು ಒಟ್ಟಿಗೆ ಹೆದರಬಹುದಿತ್ತು.

ನನ್ನ ಬಲಗಣ್ಣು ಈಚೆಗೆ ಮಸುಕಾಗುತ್ತಿದೆ, ಫ್ರೀವೇಯ ಬೋರ್ಡುಗಳನ್ನು ಓದಲಾಗುತ್ತಿಲ್ಲ. ಮಗಳಿಗೆ ಹೇಳಬಾರದೆಂದುಕೊಂಡಿದ್ದೆ. ಆಗಲೇ ಹೇಳಿಬಿಟ್ಟೆ.

"ಅಮ್ಮಾ!" ಎಂದು ಗದರಿದಳು, ಕಣ್ಣೊರೆಸಿಕೊಳ್ಳುತ್ತಲೇ ಕಣ್ಣಿನ ಡಾಕ್ಟರಿಗೆ ಫೋನ್ ಹಚ್ಚಿದಳು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.